ಒಂದರಿಂದ ಎಣಿಕೆ, ಸೊನ್ನೆಯಿಂದ ಅಳತೆ

ಹೊಲಗಳಿಗೆ ಹೆಸರಿದ್ದ ಕಾಲವೊಂದಿತ್ತು. ಆಲದಮರದ ಹೊಲ, ಕಲ್ಲುಗುಡ್ಡೆ ಹೊಲ, ಕೆರೆ ಹಿಂದಲ ಗದ್ದೆ ಎಂದರೆ ಸಾಕು, ಊರಿನವರಿಗೆಲ್ಲ ಗೊತ್ತಾಗುತ್ತಿತ್ತು. ಊರಿನಾಚೆಯವರಿಗೆ ಗೊತ್ತಾಗುತ್ತಿರಲಿಲ್ಲ. ಇಂದು ಅದೇ ಹೊಲ ತಾಲ್ಲೂಕು ಕಚೇರಿಗೆ, ಬ್ಯಾಂಕಿಗೆ, ನ್ಯಾಯಾಲಯಕ್ಕೆ 48/2 ಎಂಬ ಬರೀ ಅಂಕಿ. ಗೀಟಿನ ಎಡಕ್ಕಿರುವುದು ಸರ್ವೆ ನಂಬರು, ಬಲಕ್ಕಿರುವುದು ಹಿಸ್ಸಾ. ಮೊದಲನೆಯದು ರಾಶಿಯಲ್ಲಿ ಒಂದನ್ನು ಬೆರಳಿಟ್ಟು ತೋರಿಸುತ್ತದೆ. ಎರಡನೆಯದು ಆ ಒಂದರೊಳಗಿನ ತುಂಡನ್ನು ತೋರಿಸುತ್ತದೆ.

ಕಂಪ್ಯೂಟರಿಗೆ ಆದೇಶ ಬರೆಯಲು ಕಲಿಯುವ ವಿದ್ಯಾರ್ಥಿಗೆ ಮೊದಲ ತಿಂಗಳಲ್ಲೇ ಎದುರಾಗುವ ಪಾಠವೂ ಇದೇ. ಒಂದು ಪಟ್ಟಿಯಿಂದ ಬೇಕಾದ ಒಂದನ್ನು ಅದರ ಸ್ಥಾನಸಂಖ್ಯೆಯಿಂದ ಎತ್ತುವುದು, ಅದೇ ಪಟ್ಟಿಯಿಂದ ಬೇಕಾದಷ್ಟು ತುಂಡನ್ನು ಕತ್ತರಿಸುವುದು. ಸುಲಭವೆಂದು ಕಾಣುವ ಈ ಪಾಠದಲ್ಲಿ ಎಡವದೆ ಮುಂದೆ ಹೋದವರು ವಿರಳ. ಆದರೆ ಇಲ್ಲಿನ ತೊಡಕುಗಳು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದವಲ್ಲ. ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳ ನೆಲದ ಲೆಕ್ಕವನ್ನು ನೋಡಿದರೆ, ಅವೇ ತೊಡಕುಗಳು ಸರಪಳಿ ಹಿಡಿದು ಹೊಲ ಅಳೆದವರಿಗೂ ಎದುರಾಗಿದ್ದುದು ಕಾಣುತ್ತದೆ.

ಹತ್ತರಲ್ಲಿ ಕೊನೆಯ ನಾಲ್ಕು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಸರ್ಕಾರಿ ಕಾಗದಗಳಲ್ಲಿ ಈ ನಾಲ್ಕು ಹೆಸರುಗಳು ಬಹುಮಟ್ಟಿಗೆ ಜೊತೆಯಾಗಿಯೇ ಬರುತ್ತವೆ. ಮಧುಗಿರಿ ಕಂದಾಯ ಉಪವಿಭಾಗವೆಂದರೂ ಇವೇ, ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದರೂ ಇವೇ. ಜಿಲ್ಲೆಯ ಹತ್ತು ತಾಲ್ಲೂಕುಗಳನ್ನು ಹೀಗೆ ಸಾಲಾಗಿ ಬರೆಯೋಣ: ತುಮಕೂರು, ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್, ಚಿಕ್ಕನಾಯಕನಹಳ್ಳಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ.

ಇದರಲ್ಲಿ ಮಧುಗಿರಿ ಎಷ್ಟನೆಯದು? ಬೆರಳು ಮಡಿಸಿದವರು ಏಳನೆಯದು ಎನ್ನುತ್ತಾರೆ. ಇಂದು ಹೊಸಬರಿಗೆ ಹೆಚ್ಚಾಗಿ ಕಲಿಸಲಾಗುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದರ ಸಂಖ್ಯೆ 6. ಅಲ್ಲಿ ತುಮಕೂರು ಸೊನ್ನೆ, ಗುಬ್ಬಿ ಒಂದು, ಪಾವಗಡ ಒಂಬತ್ತು. ತಾಲ್ಲೂಕು[6] ಎಂದು ಬರೆದರೆ ಮಧುಗಿರಿ ಸಿಗುತ್ತದೆ. ತಾಲ್ಲೂಕು[10] ಎಂದು ಕೇಳಿದರೆ ಯಂತ್ರ ಮಿತಿ ಮೀರಿತೆಂದು ಆಕ್ಷೇಪಿಸಿ ನಿಂತುಬಿಡುತ್ತದೆ. ಹಿಂದಿನಿಂದ ಎಣಿಸುವುದಕ್ಕೂ ಅವಕಾಶವಿದೆ. ತಾಲ್ಲೂಕು[-1] ಎಂದರೆ ಕೊನೆಯದು, ಅಂದರೆ ಪಾವಗಡ.

ನಾಲ್ಕನ್ನೂ ಒಟ್ಟಿಗೆ ಬೇಕೆಂದರೆ ತಾಲ್ಲೂಕು[6:10] ಎಂದು ಬರೆಯಬೇಕು. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲಿ. ಪಟ್ಟಿಯಲ್ಲಿ ಹತ್ತನೇ ಸಂಖ್ಯೆಯೇ ಇಲ್ಲ, ಆದರೂ ಕತ್ತರಿಸುವಾಗ 10 ಎಂದು ಬರೆಯುವುದೇಕೆ? ಏಕೆಂದರೆ ತುಂಡಿನ ಲೆಕ್ಕದಲ್ಲಿ ಆರಂಭದ ಸಂಖ್ಯೆ ಸೇರುತ್ತದೆ, ಅಂತ್ಯದ ಸಂಖ್ಯೆ ಸೇರುವುದಿಲ್ಲ. ಆರರಿಂದ ಹೊರಟು ಹತ್ತು ಮುಟ್ಟುವ ಮುನ್ನ ನಿಲ್ಲಬೇಕು. ಹತ್ತರಲ್ಲಿ ಆರು ಕಳೆದರೆ ನಾಲ್ಕು, ಸಿಕ್ಕಿದ್ದೂ ನಾಲ್ಕೇ. ವಿಚಿತ್ರವೆಂದು ತೋರುವ ಈ ಕಟ್ಟಳೆಯ ಹಿಂದಿನ ಕಾರಣ ಸರ್ವೆಯ ಸರಪಳಿಯನ್ನು ನೋಡಿದಾಗ ತಾನಾಗಿ ತಿಳಿಯುತ್ತದೆ.

ಪಟ್ಟಿಯ ಬಗೆಗೆ ಇನ್ನೊಂದು ಮಾತು. ಪಟ್ಟಿಯಲ್ಲಿ ಪಕ್ಕಪಕ್ಕ ಇರುವುದೆಲ್ಲ ನೆಲದ ಮೇಲೂ ಪಕ್ಕಪಕ್ಕ ಇರಬೇಕಾಗಿಲ್ಲ. ಕೊರಟಗೆರೆ ಎಂಟು, ಪಾವಗಡ ಒಂಬತ್ತು. ಆದರೆ ಇವೆರಡರ ನಡುವೆ ಮಧುಗಿರಿ ತಾಲ್ಲೂಕಿದೆ, ಆಂಧ್ರಪ್ರದೇಶದ ನೆಲವೂ ಇದೆ. ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ಮಿಡಿಗೇಶಿ ದಾಟಿ ಆಂಧ್ರದ ಮಡಕಶಿರಾ ಸೀಮೆ ಹಾದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಪಟ್ಟಿ ಎಂಬುದು ಬರೆದವರ ಅನುಕೂಲ. ಅದನ್ನೇ ನೆಲವೆಂದು ನಂಬಿದರೆ ದಾರಿ ತಪ್ಪುತ್ತದೆ.

ಮಡಚಿ ಇಟ್ಟ ಲೆಕ್ಕ

ಈ ಸೀಮೆಯ ನೆಲವನ್ನು ಪಟ್ಟಿ ಮಾಡಿ ಭಾಗ ಹಾಕುವ ಕೆಲಸ ಹಳೆಯದು. 1687ರಲ್ಲಿ ಮೊಗಲರು ಶಿರಾವನ್ನು ರಾಜಧಾನಿ ಮಾಡಿಕೊಂಡು ಸುಬಾ ಸ್ಥಾಪಿಸಿದರು. ಖಾಸಿಂ ಖಾನ್ ಅದರ ಮೊದಲ ಅಧಿಕಾರಿ. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಶಿರಾ ಸುಬಾದ ತುಂಡುಗಳಾಗಿದ್ದವು. 1761ರಲ್ಲಿ ಶಿರಾ ಹೈದರಾಲಿಯ ವಶಕ್ಕೆ ಬಂದಿತು. ಮಧುಗಿರಿ, ಪಾವಗಡಗಳ ಬೆಟ್ಟದ ಕೋಟೆಗಳಲ್ಲಿ ಪಾಳೆಯಗಾರರು ತಮ್ಮ ತಮ್ಮ ಲೆಕ್ಕ ನಡೆಸಿದರು. ಆಳುವವರು ಬದಲಾದರೂ ಹಳ್ಳಿಯ ಹೊಲಗಳ ವಿವರ ಶಾನುಭೋಗರ ಕೈಯಲ್ಲೇ ಉಳಿಯಿತು.

ಆ ವಿವರವನ್ನು ಬರೆಯುತ್ತಿದ್ದುದು ಕಡತದಲ್ಲಿ. ಉದ್ದನೆಯ ಹತ್ತಿ ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಕೆಂದಾಗ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಕಚೇರಿಯ ಫೈಲಿಗೆ ಇಂದಿಗೂ ಕಡತ ಎಂಬ ಹೆಸರು ಉಳಿದಿರುವುದು ಹೀಗೆ. ಅದರಲ್ಲಿ ಒಂದು ಹೊಲದ ಲೆಕ್ಕ ಬೇಕಾದರೆ ಮಡಿಕೆ ಬಿಚ್ಚುತ್ತಾ ಹೋಗಬೇಕು. ಯಾವ ಮಡಿಕೆಯಲ್ಲಿ ಏನಿದೆ ಎಂಬುದು ಬರೆದವರಿಗೆ ಗೊತ್ತು. ಅಳತೆಯೂ ಅಷ್ಟೇ ಸ್ಥಳೀಯ. ಎಷ್ಟು ಬೀಜ ಬಿತ್ತಿದರೆ ಹೊಲ ತುಂಬುತ್ತದೆಯೋ ಅದೇ ಹೊಲದ ವಿಸ್ತೀರ್ಣ. ಒಂದು ಖಂಡುಗ ಬೀಜದ ಖುಷ್ಕಿ ಜಮೀನೂ ಒಂದು ಖಂಡುಗ ಬೀಜದ ತರಿ ಜಮೀನೂ ಒಂದೇ ಅಗಲದವಲ್ಲ.

ಹೀಗಾಗಿ ಮಾಹಿತಿ ಇರಲಿಲ್ಲವೆಂದಲ್ಲ, ಮಾಹಿತಿಯತ್ತ ಹೋಗುವ ದಾರಿ ಒಬ್ಬರ ನೆನಪಿನಲ್ಲಿತ್ತು. ಶಾನುಭೋಗರನ್ನು ಬಿಟ್ಟು ರೈತ ತನ್ನ ಹೊಲದ ಲೆಕ್ಕ ನೋಡಲಾಗುತ್ತಿರಲಿಲ್ಲ, ಸರ್ಕಾರವೂ ನೋಡಲಾಗುತ್ತಿರಲಿಲ್ಲ.

ಮೂವತ್ತಮೂರು ಅಡಿಯ ಸರಪಳಿ

ಇದನ್ನು ಬದಲಿಸಿದ ವಿಧಾನ ಬಂದದ್ದು ಮುಂಬಯಿ ಪ್ರಾಂತ್ಯದಿಂದ. ಪುಣೆ ಸೀಮೆಯ ಇಂದಾಪುರದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಢಿಸಿದ ಈ ಕ್ರಮಕ್ಕೆ 1847ರ ಜಂಟಿ ವರದಿಯಲ್ಲಿ ಖಚಿತ ರೂಪ ಸಿಕ್ಕಿತು. ಮೈಸೂರಿನಲ್ಲಿ ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಅದೇ ಕ್ರಮದ ಕಂದಾಯ ಸರ್ವೆ ಆರಂಭವಾಯಿತು. ಪ್ರತಿ ಹಳ್ಳಿಯ ನೆಲವನ್ನೂ ತುಂಡುಗಳಾಗಿ ಗುರುತಿಸಿ, ಮೂಲೆಗಳಿಗೆ ಬಾಂದುಕಲ್ಲು ನೆಟ್ಟು, ಒಂದರಿಂದ ಶುರುಮಾಡಿ ನಂಬರು ಕೊಡಲಾಯಿತು. ಹೊಲದ ನಕ್ಷೆಯ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯದ ಆಕಾರಬಂದ್, ಇಡೀ ಊರಿನ ನಕ್ಷೆ ಇವೆಲ್ಲ ಆ ನಂಬರಿಗೆ ಕಟ್ಟುಬಿದ್ದವು.

ಅಳೆಯಲು ಬಳಸಿದ ಸರಪಳಿಯ ಉದ್ದ 33 ಅಡಿ. ಅದನ್ನು ರೂಪಾಯಿಯ ಹಾಗೆ ಹದಿನಾರು ಆಣೆಗಳಾಗಿ ಭಾಗಿಸಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ 43,560 ಚದರ ಅಡಿ, ಅದೇ ಒಂದು ಎಕರೆ. ಬೀಜದ ಅಳತೆ ಊರಿಂದ ಊರಿಗೆ ಬದಲಾಗಬಹುದಾಗಿತ್ತು, ಗುಂಟೆ ಬದಲಾಗುವಂತಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಎರಡು ಬಗೆಯ ಎಣಿಕೆ. ಹೊಲಗಳಿಗೆ ನಂಬರು ಕೊಟ್ಟಾಗ ಮೊದಲನೆಯದು ಒಂದು. ಆದರೆ ಹೊಲದೊಳಗೆ ಸರಪಳಿ ಹಾಸಿದಾಗ ಮೊದಲ ಕಲ್ಲಿನ ಬಳಿಯ ಅಳತೆ ಒಂದಲ್ಲ, ಸೊನ್ನೆ. ಅಲ್ಲಿಂದ ಎಷ್ಟು ಸರಪಳಿ, ಎಷ್ಟು ಆಣೆ ದೂರ ಬಂದೆವು ಎಂಬುದನ್ನು ಟಿಪ್ಪಣಿಯಲ್ಲಿ ಬರೆಯುತ್ತಾ ಹೋಗುತ್ತಾರೆ. ವಸ್ತುಗಳನ್ನು ಎಣಿಸುವಾಗ ಒಂದರಿಂದ ಆರಂಭ, ದೂರವನ್ನು ಅಳೆಯುವಾಗ ಸೊನ್ನೆಯಿಂದ ಆರಂಭ.

ಕಂಪ್ಯೂಟರಿನ ಸೊನ್ನೆಯ ಗುಟ್ಟೂ ಇದೇ. ಯಂತ್ರದ ನೆನಪಿನ ಕೋಶದಲ್ಲಿ ಪಟ್ಟಿಯ ವಸ್ತುಗಳು ಸಾಲಾಗಿ ಕುಳಿತಿರುತ್ತವೆ. ತಾಲ್ಲೂಕು[6] ಎಂಬುದರ ಅರ್ಥ ಆರನೆಯ ತಾಲ್ಲೂಕು ಎಂದಲ್ಲ, ಆರಂಭದ ಕಲ್ಲಿನಿಂದ ಆರು ಹೆಜ್ಜೆ ದೂರದಲ್ಲಿರುವುದು ಎಂದು. ಆರಂಭದಲ್ಲೇ ಇರುವುದಕ್ಕೆ ನಡೆಯಬೇಕಾದ ದೂರ ಸೊನ್ನೆ. 1957ರಲ್ಲಿ ಬಂದ ಫೋರ್‌ಟ್ರಾನ್ ಭಾಷೆ ಒಂದರಿಂದಲೇ ಎಣಿಸುತ್ತಿತ್ತು. 1970ರ ದಶಕದ ಆರಂಭದಲ್ಲಿ ರೂಪುಗೊಂಡ ಸಿ ಭಾಷೆ ಸೊನ್ನೆಯನ್ನು ಹಿಡಿಯಿತು. ಡಚ್ ಗಣಕವಿಜ್ಞಾನಿ ಡೈಕ್‌ಸ್ಟ್ರಾ 1982ರ ಆಗಸ್ಟ್‌ನಲ್ಲಿ ಕೈಬರಹದ ಪುಟ್ಟ ಟಿಪ್ಪಣಿಯೊಂದರಲ್ಲಿ ಸೊನ್ನೆಯಿಂದಲೇ ಏಕೆ ಎಣಿಸಬೇಕೆಂದು ವಾದಿಸಿದರು. 1991ರಲ್ಲಿ ಹೊರಬಂದ ಪೈಥಾನ್ ಕೂಡ ಅದೇ ದಾರಿಯಲ್ಲಿ ನಡೆಯಿತು. ಡೈಕ್‌ಸ್ಟ್ರಾ ಅವರ ವಾದದ ತಿರುಳು ಇಷ್ಟು: ತುಂಡಿನ ಆರಂಭವನ್ನು ಸೇರಿಸಿ ಅಂತ್ಯವನ್ನು ಬಿಟ್ಟರೆ, ಎರಡರ ವ್ಯತ್ಯಾಸವೇ ತುಂಡಿನ ಉದ್ದವಾಗುತ್ತದೆ. ಒಂದು ತುಂಡು ಮುಗಿಯುವ ಅಂಕಿಯೇ ಮುಂದಿನ ತುಂಡು ಆರಂಭವಾಗುವ ಅಂಕಿಯೂ ಆಗುತ್ತದೆ.

ಮೂವರು ಅಣ್ಣತಮ್ಮಂದಿರ ಲೆಕ್ಕ

ಇದು ಹೊಲದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಬಹುದು. ಸರ್ವೆ ನಂಬರು 48ರಲ್ಲಿ 6 ಎಕರೆ 30 ಗುಂಟೆ ಇದೆಯೆಂದು ಇಟ್ಟುಕೊಳ್ಳೋಣ. ಒಟ್ಟು 270 ಗುಂಟೆ. ಮೂವರು ಅಣ್ಣತಮ್ಮಂದಿರಿಗೆ ಸಮಪಾಲು ಮಾಡಿದರೆ ತಲಾ 90 ಗುಂಟೆ, ಅಂದರೆ 2 ಎಕರೆ 10 ಗುಂಟೆ. ಹೊಲ ಉದ್ದನೆಯ ಪಟ್ಟೆಯೆಂದು ಭಾವಿಸಿದರೆ ಪಾಲುಗಳು ಹೀಗೆ: [0:90], [90:180], [180:270]. ತೊಂಬತ್ತರ ಗೆರೆಯಲ್ಲಿ ಹಿರಿಯನ ಪಾಲು ಮುಗಿಯಿತು, ನಡುವಿನವನದು ಶುರುವಾಯಿತು. ಯಾವ ಗುಂಟೆಯೂ ಇಬ್ಬರ ಪಾಲಿಗೆ ಸೇರಿಲ್ಲ, ಯಾವ ಗುಂಟೆಯೂ ಯಾರಿಗೂ ಸೇರದೆ ಉಳಿದಿಲ್ಲ. ಪಾಲುಗಳು ಮೂರು, ಆದರೆ ಗೆರೆಗಳು ನಾಲ್ಕು. ಬದುವಿಗೆ ಕಲ್ಲು ನೆಡುವವರಿಗೆ ಈ ಲೆಕ್ಕ ಗೊತ್ತು. ಪಾಲಿನ ಸಂಖ್ಯೆಯನ್ನೂ ಕಲ್ಲಿನ ಸಂಖ್ಯೆಯನ್ನೂ ಒಂದೇ ಎಂದುಕೊಂಡವರು ಒಂದು ಕಲ್ಲು ಕಡಿಮೆ ತಂದು ಮತ್ತೆ ಮನೆಗೆ ಹೋಗಬೇಕಾಗುತ್ತದೆ. ಕಂಪ್ಯೂಟರ್ ಕಲಿಯುವವರ ತಪ್ಪುಗಳಲ್ಲೂ ಈ ಒಂದರ ವ್ಯತ್ಯಾಸದ್ದೇ ದೊಡ್ಡ ಪಾಲು.

ಹೀಗೆ ತುಂಡಾದ ಮೇಲೆ 48/1, 48/2, 48/3 ಎಂಬ ಹಿಸ್ಸಾ ನಂಬರುಗಳು ಹುಟ್ಟುತ್ತವೆ. ಈ ಕೆಲಸಕ್ಕೆ ಪೋಡಿ ಎನ್ನುತ್ತಾರೆ. ಪಟ್ಟಿಯೊಳಗೊಂದು ಪಟ್ಟಿ ಇದ್ದಂತೆ ಇದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಒಂದರೊಳಗೊಂದು ಇಳಿಯುತ್ತಾ ಹೋದರೆ ಒಂದೇ ಒಂದು ತುಂಡಿನ ಮುಂದೆ ನಿಲ್ಲುತ್ತೇವೆ. ಪ್ರತಿ ಹಳ್ಳಿಯಲ್ಲೂ ಒಂದನೇ ನಂಬರು ಇರುವುದರಿಂದ ಬರೀ 48 ಎಂದರೆ ಸಾಲದು, ಯಾವ ಪಟ್ಟಿಯ 48 ಎಂದು ಹೇಳಲೇಬೇಕು.

ಒಂದು ವಿಷಯದಲ್ಲಿ ಮಾತ್ರ ಸರ್ವೆಯವರು ಕಂಪ್ಯೂಟರಿನ ಪಟ್ಟಿಗಿಂತ ಎಚ್ಚರ ವಹಿಸಿದ್ದಾರೆ. ಮೇಲಿನ ತಾಲ್ಲೂಕುಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದರೆ ಮಧುಗಿರಿಯ ಸಂಖ್ಯೆ 6ರಿಂದ 5ಕ್ಕೆ ಜಾರುತ್ತದೆ, ಹಿಂದಿನವೆಲ್ಲ ಒಂದೊಂದು ಸ್ಥಾನ ಮುಂದೆ ಬರುತ್ತವೆ. ಸರ್ವೆ ನಂಬರು ಹಾಗಲ್ಲ. 47ನೇ ನಂಬರು ಕೆರೆಯಲ್ಲಿ ಮುಳುಗಿದರೂ 48 ಎಂಬುದು 48 ಆಗಿಯೇ ಉಳಿಯುತ್ತದೆ. ಅದು ಸ್ಥಾನವನ್ನು ಹೇಳುವ ಅಂಕಿಯಲ್ಲ, ಹೆಸರಾಗಿ ನಿಂತ ಅಂಕಿ. ತಲೆಮಾರುಗಳ ಸಾಲಪತ್ರ, ಕ್ರಯಪತ್ರಗಳು ಅದನ್ನೇ ನಂಬಿರುವಾಗ ಅದು ಜಾರುವಂತಿಲ್ಲ.

ಕಾಗದದ ತುಂಡು, ನೆಲದ ತುಂಡು

ಕತ್ತರಿಸುವ ಪಾಠದಲ್ಲಿ ಹೊಸಬರನ್ನು ಕಾಡುವ ಇನ್ನೊಂದು ಸಂಗತಿಯಿದೆ. ಪೈಥಾನ್‌ನಲ್ಲಿ ಪಟ್ಟಿಯಿಂದ ಕತ್ತರಿಸಿಕೊಂಡ ತುಂಡು ಒಂದು ನಕಲು. ತಾಲ್ಲೂಕು[6:10] ಎಂದು ಬೇರೆ ತೆಗೆದಿಟ್ಟ ನಾಲ್ಕು ಹೆಸರುಗಳಲ್ಲಿ ‘ಶಿರಾ’ ಎಂಬುದನ್ನು ‘ಸಿರಾ’ ಎಂದು ತಿದ್ದಿದರೆ ತಿದ್ದುಪಡಿಯಾಗುವುದು ಆ ತುಂಡಿನಲ್ಲಿ ಮಾತ್ರ. ಮೂಲ ಪಟ್ಟಿಯಲ್ಲಿ ‘ಶಿರಾ’ ಹಾಗೆಯೇ ಇರುತ್ತದೆ.

ಭೂಮಿಯ ವಿಚಾರದಲ್ಲಿ ಇದೇ ಸಂಗತಿ ಎಷ್ಟೋ ಮನೆಗಳ ನೆಮ್ಮದಿ ಕೆಡಿಸಿದೆ. ಅಣ್ಣತಮ್ಮಂದಿರು ಹಿರಿಯರ ಮುಂದೆ ಪಾಲುಪಟ್ಟಿ ಬರೆದುಕೊಳ್ಳುತ್ತಾರೆ, ಬದು ಹಾಕಿಕೊಂಡು ಉಳುತ್ತಾರೆ. ಅವರ ಮಟ್ಟಿಗೆ ಹೊಲ ಮೂರು ತುಂಡಾಗಿದೆ. ಆದರೆ ಪೋಡಿ ಆಗಿಲ್ಲ. ಮೂಲ ದಾಖಲೆಯಲ್ಲಿ 48 ಎಂಬುದು ಇನ್ನೂ ಒಂದೇ. ಪಹಣಿಯಲ್ಲಿ ಮೂವರ ಹೆಸರೂ ಒಟ್ಟಿಗೆ ಇರುತ್ತದೆ, ಯಾರ ಪಾಲು ಎಲ್ಲಿಂದ ಎಲ್ಲಿಗೆ ಎಂಬುದು ಇರುವುದಿಲ್ಲ. ಒಬ್ಬ ಸಾಲಕ್ಕೆ ಹೋದರೆ ಉಳಿದಿಬ್ಬರ ಒಪ್ಪಿಗೆ ಕೇಳುತ್ತಾರೆ. ಒಬ್ಬ ಮಾರಿದರೆ ಕೊಂಡವನು ಯಾವ ಮೂಲೆಯಲ್ಲಿ ನಿಲ್ಲಬೇಕೆಂಬುದೇ ಜಗಳ.

ಇನ್ನೊಂದು ಎಡವಟ್ಟೂ ಉಂಟು. ಹತ್ತೇ ಹೆಸರಿರುವ ಪಟ್ಟಿಯಲ್ಲಿ ತಾಲ್ಲೂಕು[6:20] ಎಂದು ಕತ್ತರಿಸಿದರೆ ಪೈಥಾನ್ ಆಕ್ಷೇಪಿಸುವುದಿಲ್ಲ, ಇದ್ದ ನಾಲ್ಕನ್ನು ಕೊಟ್ಟು ಸುಮ್ಮನಾಗುತ್ತದೆ. ಒಂದನ್ನೇ ಕೇಳಿದಾಗ ಗದರುವ ಯಂತ್ರ ತುಂಡು ಕೇಳಿದಾಗ ಮೌನ ವಹಿಸುತ್ತದೆ. ಹಳೆಯ ಕೈಬರಹದ ಪಹಣಿಗಳೂ ಹೀಗೆಯೇ ಮೌನ ವಹಿಸಿದ್ದವು. ಒಂದು ನಂಬರಿನಲ್ಲಿ ಇರುವುದಕ್ಕಿಂತ ಹೆಚ್ಚು ಎಕರೆಗಳು ಬೇರೆ ಬೇರೆ ಕ್ರಯಪತ್ರಗಳಲ್ಲಿ ಮಾರಾಟವಾಗಿ, ಎಲ್ಲವೂ ಪಹಣಿಗೆ ಏರಿ, ಕೂಡಿ ನೋಡಿದರೆ ಆಕಾರಬಂದ್‌ನ ವಿಸ್ತೀರ್ಣವನ್ನು ಮೀರಿರುತ್ತಿತ್ತು. ಪಹಣಿಗೂ ಆಕಾರಬಂದ್‌ಗೂ ತಾಳೆಯಿಲ್ಲ ಎಂಬ ಮಾತನ್ನು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ರೈತರು ಇಂದಿಗೂ ಕೇಳಬೇಕಾಗುತ್ತದೆ.

ಶಾನುಭೋಗಿಕೆಯಂಥ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಪಡಿಸುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಿತು. ಪುಸ್ತಕ ಗ್ರಾಮಲೆಕ್ಕಿಗರ ಕೈಗೆ ಬಂದಿತು. 2000ನೇ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟು, ನಂಬರು ಹೇಳಿದರೆ ಪಹಣಿ ಕೈಗೆ ಬರುವಂತಾಯಿತು. ಒಬ್ಬರ ನೆನಪಿನಲ್ಲಿದ್ದ ದಾರಿ ಎಲ್ಲರದಾಯಿತು ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಯಂತ್ರಕ್ಕೆ ಏರಿದ್ದು ಪುಸ್ತಕದಲ್ಲಿದ್ದ ಬರಹ. ಪುಸ್ತಕದಲ್ಲಿ ತುಂಡಾಗದ್ದು ಯಂತ್ರದಲ್ಲೂ ತುಂಡಾಗಲಿಲ್ಲ. ಮುಂದೆ, ನಂಬರಿನ ಒಂದು ಭಾಗವನ್ನು ಮಾರುವ ಮುನ್ನ ಅಳತೆ ಮಾಡಿಸಿ 11-ಇ ನಕ್ಷೆ ಪಡೆಯಬೇಕೆಂಬ ನಿಯಮ ಬಂದಿತು. ತುಂಡು ಎಲ್ಲಿ ಆರಂಭ, ಎಲ್ಲಿ ಅಂತ್ಯ ಎಂದು ಮೊದಲೇ ಹೇಳಿ ಎಂಬುದು ಅದರ ಅರ್ಥ. ಉಳಿದ ಹಳೆಯ ನಂಬರುಗಳಿಗಾಗಿ ‘ಪೋಡಿ ಮುಕ್ತ ಗ್ರಾಮ’ ಎಂಬ ಅಭಿಯಾನವನ್ನು ಸರ್ಕಾರ ನಡೆಸಬೇಕಾಯಿತು.

ಬಿಸಿಲಿಗೆ ಬಾಡಿಗೆ

ಈ ಅಂಕಿಗಳ ಬೆಲೆ ಏನೆಂಬುದನ್ನು ಪಾವಗಡದ ಸೌರ ವಿದ್ಯುತ್ ಪಾರ್ಕ್ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಬರಕ್ಕೆ ಹೆಸರಾದ ಈ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಜಮೀನನ್ನು ಇದಕ್ಕಾಗಿ ಒಟ್ಟುಗೂಡಿಸಲಾಯಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪಾರ್ಕ್ 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ತಲುಪಿತು. ಇಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ ಎಂದು ಗೊತ್ತುಮಾಡಲಾಯಿತು.

ಆರಂಭದ ದರದಲ್ಲಿ ಒಂದು ಗುಂಟೆಗೆ ವರ್ಷಕ್ಕೆ 525 ರೂಪಾಯಿ. ಮೇಲಿನ ಉದಾಹರಣೆಯ ಅಣ್ಣತಮ್ಮಂದಿರು ಈ ಊರಿನವರಾಗಿದ್ದರೆ ತಲಾ 90 ಗುಂಟೆಗೆ 47,250 ರೂಪಾಯಿ. ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದಾಗ ಬದುವಿನಂಚಿನ ಒಂದೆರಡು ಗುಂಟೆಯನ್ನು ಮಾತಿನಲ್ಲೇ ಹೊಂದಿಸಿಕೊಂಡು ಹೋಗಬಹುದಿತ್ತು. ಪ್ರತಿ ಗುಂಟೆಗೂ ವರ್ಷವರ್ಷ ಹಣ ಬರುವಾಗ ಕಾಗದದ ಮೇಲಿನ ಗೆರೆ ಎಲ್ಲಿದೆ ಎಂಬುದೇ ಮುಖ್ಯವಾಗುತ್ತದೆ.

ಪಟ್ಟಿಯಲ್ಲಿ ಹೆಸರೇ ಇಲ್ಲದವರ ಪ್ರಶ್ನೆ ಇನ್ನೂ ಕಠಿಣ. ಅದೇ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಯಾವ ನಂಬರೂ ಇರಲಿಲ್ಲ. ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಹೊಲ ಅವರಿಗೆ ಕೊಡುತ್ತಿದ್ದ ಕೆಲಸ ನಿಂತಾಗ ಅದಕ್ಕೆ ಬದಲಾಗಿ ಸಿಗಬೇಕಾದ ಬಾಡಿಗೆಯನ್ನು ಕೇಳಲು ಅವರ ಬಳಿ 48/2 ಎಂಬಂಥ ಒಂದು ಅಂಕಿಯೂ ಇರಲಿಲ್ಲ. ಪಟ್ಟಿಯನ್ನು ಎಷ್ಟೇ ಸರಿಯಾಗಿ ಕತ್ತರಿಸಿದರೂ ಪಟ್ಟಿಗೆ ಸೇರದವರು ಯಾವ ತುಂಡಿನಲ್ಲೂ ಬರುವುದಿಲ್ಲ. ಇದು ಗಣಿತದ ದೋಷವಲ್ಲ, ಪಟ್ಟಿ ಮಾಡಿದಾಗ ಯಾರನ್ನು ಎಣಿಸಬೇಕೆಂದು ತೀರ್ಮಾನಿಸಿದವರಿಗೆ ಸೇರಿದ ಮಾತು.

ಈ ನಾಲ್ಕು ತಾಲ್ಲೂಕುಗಳ ಮಕ್ಕಳೂ ಈಗ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಚೌಕ ಆವರಣದೊಳಗಿನ ಎರಡು ಅಂಕಿಗಳನ್ನು ನೋಡಿ ತಲೆ ಕೆರೆದುಕೊಳ್ಳುವ ವಿದ್ಯಾರ್ಥಿ ಮನೆಯ ಪೆಟ್ಟಿಗೆಯಲ್ಲಿರುವ ಪಹಣಿಯನ್ನು ಒಮ್ಮೆ ತೆಗೆದು ನೋಡಬಹುದು. ಗೀಟಿನ ಬಲಕ್ಕೆ ಹಿಸ್ಸಾ ನಂಬರು ಇದೆಯೇ, ಹೆಸರುಗಳು ಎಷ್ಟಿವೆ, ವಿಸ್ತೀರ್ಣಗಳನ್ನು ಕೂಡಿದರೆ ಒಟ್ಟಿಗೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಬಹುದು. ತಾಳೆಯಾಗದಿದ್ದರೆ ಅದನ್ನು ಮನೆಯ ಹಿರಿಯರಿಗೆ ಹೇಳುವುದು, ಪೋಡಿಗೆ ಅರ್ಜಿ ಹಾಕಿಸುವುದು ಅಂದಿನ ಪಾಠದ ಮುಂದುವರಿದ ಭಾಗವೇ ಆಗುತ್ತದೆ.